ಹೆಲ್ಮೆಟ್ ಹಾಕಿಕೊಂಡೇ ಬಂದ ಸೋದರಮಾವ

ಪಂಚರ್ ಹಾಕುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ಚಿತ್ರದುರ್ಗದಲ್ಲಿಯೇ ಇಲ್ಲ ಎಂದು ನಾನು ಬಹಳ ದಿನಗಳಿಂದ ನಂಬಿದ್ದೆ. ಈ ನಂಬಿಕೆಗೆ ಬಲವಾದ ಆಧಾರವೂ ಇತ್ತು. ಅದೇನೆಂದರೆ, ನಾನು ಅದುವರೆಗೆ ಒಂದು ಸಲವೂ ಪಂಚರ್ ಹಾಕಿರಲಿಲ್ಲ!

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮೇಷ್ಟ್ರು. ಪ್ರತಿ ವರ್ಷ ಗಾಳಿಯ ಒತ್ತಡದ ಪಾಠ ಮಾಡುವವನಿಗೆ ಒಂದು ಟೈರಿನ ಗಾಳಿ ಯಾವ ಲೆಕ್ಕ? ತಲೆಯಲ್ಲಿ ನಾಲ್ಕು ಬಿಳಿಕೂದಲು ಬಂದ ಮೇಲೆ, ಹೆಂಡತಿಯ ಆಕ್ಷೇಪಣೆಗಳನ್ನೆಲ್ಲ ಸಾರಾಸಗಟಾಗಿ ತಳ್ಳಿಹಾಕಿ, ಕಲ್ಲುಮುಳ್ಳೆನ್ನದೆ ನುಗ್ಗುವ ಎತ್ತರದ ಬೈಕೊಂದನ್ನು ಕೊಂಡಿದ್ದೆ. ಭಾನುವಾರ ಬಂತೆಂದರೆ ಮೂವರು ಗೆಳೆಯರ ಜೊತೆ ಗಾಳಿಯಂತ್ರಗಳ ಗುಡ್ಡಕ್ಕೆ ಹೋಗುವ ಮಣ್ಣುದಾರಿಗಳಲ್ಲಿ ಧೂಳೆಬ್ಬಿಸುತ್ತಿದ್ದೆ. ಸಂಜೆ ಮನೆಗೆ ಬಂದು ಪಂಚರ್ ಹಾಕುವ ವಿಡಿಯೋಗಳನ್ನು ನೋಡುತ್ತಿದ್ದೆ. ನೋಡಿ ನೋಡಿ ನನಗೆ ಎಂಥ ಆತ್ಮವಿಶ್ವಾಸ ಬಂದಿತ್ತೆಂದರೆ, ಒಂದೇ ಒಂದು ಪಂಚರ್ ಆಗಲಿ ಎಂದು ದೇವರಲ್ಲಿ ಕೇಳಿಕೊಳ್ಳುವುದೊಂದು ಬಾಕಿ ಇತ್ತು.

ದಸರಾ ರಜೆಯಲ್ಲಿ ತಂಗಿ ಕವಿತಾಳ ಫೋನು ಬಂತು. ಅವಳನ್ನು ಹೊಸದುರ್ಗದ ಕಡೆ ಕೊಟ್ಟಿದ್ದೇವೆ. ಬಹಳ ವರ್ಷ ಕಾದ ಮೇಲೆ ಹುಟ್ಟಿದ ಒಬ್ಬನೇ ಮಗ. ಅವನ ಮೊದಲ ಕೂದಲು ತೆಗೆಸುವ ಜವಳದ ಶಾಸ್ತ್ರ ಹಾಲುರಾಮೇಶ್ವರದಲ್ಲಿ. ಮಗುವನ್ನು ಸೋದರಮಾವನ ತೊಡೆಯ ಮೇಲೆಯೇ ಕೂರಿಸಬೇಕು. ಅವಳಿಗಿರುವ ಅಣ್ಣ ನಾನೊಬ್ಬನೇ.

"ಅಣ್ಣ, ಬುಧವಾರ ಹನ್ನೆರಡಕ್ಕೆ ರಾಹುಕಾಲ ಶುರುವಾಗ್ತೈತೆ. ಅಷ್ಟರೊಳಗೆ ಕೂದ್ಲು ತೆಗೀಬೇಕು. ನೀನು ಬರೋದು ಒಂಚೂರು ತಡ ಆದ್ರೂ ನಮ್ಮತ್ತೆ ಅವರ ಕಡೆಯೋರ ತೊಡೆ ಮೇಲೆ ಕೂರಿಸಿಬಿಡ್ತಾರೆ. ಆಮೇಲೆ ನಾನು ಈ ಮನೇಲಿ ತಲೆ ಎತ್ತೋ ಹಂಗಿಲ್ಲ" ಎಂದಳು.

"ಲೇ, ನಾನು ಸೂರ್ಯನಿಗಿಂತ ಮುಂಚೆ ಅಲ್ಲಿರ್ತೀನಿ" ಎಂದೆ.

ನನ್ನ ಹೆಂಡತಿ ಸುಧಾ, ಮಕ್ಕಳು, ಉಳಿದ ನೆಂಟರು ಟೆಂಪೋದಲ್ಲಿ ಹೊರಡುವುದೆಂದು ತೀರ್ಮಾನವಾಯಿತು. ನಾನು ಬೈಕಿನಲ್ಲಿ, ಅದೂ ಹೊಲದ ದಾರಿಗಳಲ್ಲಿ ಬರುತ್ತೇನೆಂದು ಘೋಷಿಸಿದೆ.

"ಏನ್ರೀ, ಮಗೂಗೆ ಬೇಕಾಗಿರೋದು ಮಾವ. ಬೈಕಲ್ಲ" ಎಂದಳು ಸುಧಾ.

"ನಿಮ್ಮ ಟೆಂಪೋ ಬರೋ ಹೊತ್ತಿಗೆ ನಾನು ಟೀ ಕುಡಿದು ಮುಗಿಸಿರ್ತೀನಿ!"

ಬುಧವಾರ ಬೆಳಗ್ಗೆ ಹೊರಟೆ. ಬೆನ್ನಚೀಲದಲ್ಲಿ ಶಾಸ್ತ್ರಕ್ಕೆ ಉಡಲು ಹೊಸ ಪಂಚೆ, ಶಲ್ಯ. ಜೊತೆಗೆ ಪಂಚರ್ ಕಿಟ್, ಸ್ಪ್ಯಾನರ್, ಲಿವರ್, ಪಂಪು, ಒಂದು ಹೊಸ ಟ್ಯೂಬು. ಹೊಳಲ್ಕೆರೆ ದಾಟುವವರೆಗೆ ಒಳ್ಳೆಯ ಹುಡುಗನಂತೆ ಡಾಂಬರು ರಸ್ತೆಯಲ್ಲಿದ್ದೆ. ಆಮೇಲೆ ತಡೆದುಕೊಳ್ಳಲಾಗಲಿಲ್ಲ. ಬಂಡಿದಾರಿಗೆ ಇಳಿಸಿದೆ. ಆಹಾ! ತಂಪು ಗಾಳಿ, ಕೆಂಪು ಮಣ್ಣು, ಫುಟ್‌ರೆಸ್ಟಿನ ಮೇಲೆ ಎದ್ದು ನಿಂತು ಹಳ್ಳ ಹಾರಿಸುವಾಗ ಹೊಟ್ಟೆಯಲ್ಲಿ ಏಳುವ ಆ ಕಚಗುಳಿ! ಜೋಳದ ಹೊಲದಲ್ಲಿದ್ದ ಹೆಂಗಸರು ಕುಡುಗೋಲು ಎತ್ತಿ ನನ್ನತ್ತ ಏನೋ ಕೂಗಿದರು. ಮೆಚ್ಚುಗೆಯೆಂದೇ ತಿಳಿದು ಕೈ ಬೀಸಿದೆ.

ಒಂಬತ್ತೂವರೆಗೆಲ್ಲ ಹಾಲುರಾಮೇಶ್ವರದ ದೇವಸ್ಥಾನದ ಮೈಕು ಕಿವಿಗೆ ಬೀಳುವಷ್ಟು ಹತ್ತಿರ ಬಂದುಬಿಟ್ಟೆ. ದಾರಿ ಒಂದು ಶೇಂಗಾ ಹೊಲವನ್ನು ಸುತ್ತಿಕೊಂಡು ಹೋಗುತ್ತಿತ್ತು. ಬೆಳೆ ಕಿತ್ತು, ಬಳ್ಳಿಯನ್ನು ಮೂಲೆಯಲ್ಲಿ ಬಣವೆ ಹಾಕಿದ್ದರು. ಹೊಲದ ನಡುವೆ ನೆಲ ಕಪ್ಪಗೆ, ಗುಂಡಗೆ, ಮೆತ್ತಗೆ ಕಾಣುತ್ತಿತ್ತು. ಬೈಕು ಓಡಿಸಲು ಇದಕ್ಕಿಂತ ಸೊಗಸಾದ ಜಾಗ ಉಂಟೇ? ಸೀದಾ ನುಗ್ಗಿಸಿದೆ.

ಅದು ಕುರಿಮಂದೆ ಹಾಕಿಸಿದ ಜಾಗ. ಗೊಬ್ಬರವಾಗಲೆಂದು ಹೊಲದಲ್ಲಿ ರಾತ್ರಿ ಕುರಿ ತಂಗಿಸುತ್ತಾರೆ. ಕುರಿಗಳು ಚದುರದಂತೆ, ತೋಳ ಬಾರದಂತೆ ಸುತ್ತ ಜಾಲಿಮುಳ್ಳಿನ ಬೇಲಿ ಕಟ್ಟುತ್ತಾರೆ. ಬೆಳಗ್ಗೆ ಬೇಲಿ ಎಳೆದುಕೊಂಡು ಪಕ್ಕದ ಹೊಲಕ್ಕೆ ಹೋಗುತ್ತಾರೆ. ಮುಳ್ಳು ಮಾತ್ರ ಉಳಿದಷ್ಟು ಅಲ್ಲೇ ಉಳಿಯುತ್ತದೆ. ಈ ಸೀಮೆಯಲ್ಲೇ ಹುಟ್ಟಿ ಬೆಳೆದ ನನಗೆ ಇದೆಲ್ಲ ಚೆನ್ನಾಗಿ ಗೊತ್ತು. ಗೊತ್ತಿದ್ದದ್ದು ನೆನಪಾದದ್ದು ಮಾತ್ರ ಮುಂದಿನ ಚಕ್ರ "ಸುಸ್ಸ್" ಎಂದ ಮೇಲೆ.

ನನಗೇನೂ ಬೇಸರವಾಗಲಿಲ್ಲ. ನಿಜ ಹೇಳುತ್ತೇನೆ, ಖುಷಿಯಾಯಿತು! ಕಡೆಗೂ ಬಂತಲ್ಲ ಪಂಚರ್!

ಪಕ್ಕದ ಹೊಲದಲ್ಲಿ ಕುರಿ ಮೇಯಿಸುತ್ತಿದ್ದ ಕರಿಯಪ್ಪ ಎಂಬುವವನು ಕೋಲೂರಿಕೊಂಡು ಬಂದ. "ಏನ್ ಸಾಮಿ, ಗಾಡಿ ಕೆಟ್ಟೈತಾ?"

"ಕೆಟ್ಟಿಲ್ಲ. ಬರೀ ಪಂಚರ್. ಐದು ನಿಮಿಷದ ಕೆಲ್ಸ."

"ಹಂಗಾರೆ ನೋಡ್ಕಂಡೇ ಹೋಗ್ತೀನಿ ಬಿಡ್ರಿ" ಎಂದು ಕಂಬಳಿ ಹಾಸಿಕೊಂಡು, ನಾಟಕಕ್ಕೆ ಬಂದವನಂತೆ ಕುಳಿತ.

ಪ್ರೇಕ್ಷಕ ಸಿಕ್ಕಿದ ಮೇಲೆ ಕೇಳಬೇಕೇ! ಕಿಟ್ ಬಿಚ್ಚಿದೆ. ಅದರಲ್ಲಿ ಒಂದು ದಬ್ಬಳ, ಒಂದಿಷ್ಟು ರಬ್ಬರ್ ಬತ್ತಿ. ವಿಡಿಯೋದಲ್ಲಿ ತೋರಿಸಿದಂತೆ ತೂತಿಗೆ ದಬ್ಬಳ ಚುಚ್ಚಿ, ಬತ್ತಿ ತುರುಕಿ, ಗಾಳಿ ಹೊಡೆದೆ. ನಿಲ್ಲಲಿಲ್ಲ. ಇನ್ನೊಂದು ಬತ್ತಿಗಾಗಿ ಇನ್ನಷ್ಟು ಜೋರಾಗಿ ಚುಚ್ಚಿದೆ. ಗಾಳಿ ಇನ್ನಷ್ಟು ಜೋರಾಗಿ ಹೋಯಿತು. ಬತ್ತಿಗಳೆಲ್ಲ ಮುಗಿದ ಮೇಲೆ ಕಿಟ್ಟಿನ ಡಬ್ಬಿಯನ್ನು ತಿರುಗಿಸಿ ಓದಿದೆ. ಅದು ಟ್ಯೂಬಿಲ್ಲದ ಟೈರಿನ ಕಿಟ್! ನನ್ನ ಬೈಕಿಗೋ ಟ್ಯೂಬಿದೆ. ಅಂದರೆ ಇಷ್ಟು ಹೊತ್ತು ನಾನು ಮಾಡಿದ್ದು ಪಂಚರ್ ಮುಚ್ಚುವ ಕೆಲಸವಲ್ಲ, ಒಂದು ಪಂಚರನ್ನು ಹಲವು ಪಂಚರುಗಳನ್ನಾಗಿ ಅಭಿವೃದ್ಧಿಪಡಿಸುವ ಕೆಲಸ.

"ಆಯ್ತಾ ಸಾಮಿ?" ಎಂದ ಕರಿಯಪ್ಪ.

"ಇದು ಪೂರ್ವಸಿದ್ಧತೆ" ಎಂದೆ.

ಹೊಸ ಟ್ಯೂಬು ಇದೆಯಲ್ಲ, ಭಯವೇಕೆ? ಕರಿಯಪ್ಪನ ಕೈಗೆ ಬೈಕು ಕೊಟ್ಟು ಚಕ್ರ ಬಿಚ್ಚಿದೆ. ಲಿವರಿನಿಂದ ಟೈರೆಬ್ಬಿಸುವಾಗ ಅದು ಎರಡು ಸಲ ನನ್ನ ಗಲ್ಲಕ್ಕೆ ಬಾರಿಸಿತು. ಹಳೆಯ ಟ್ಯೂಬು ಎಳೆದು ಬಿಸಾಡಿ, ಹೊಸದು ಕೂರಿಸಿ, ಚಕ್ರವನ್ನು ಮತ್ತೆ ಬೈಕಿಗೆ ಸಿಕ್ಕಿಸಿ, ತೋಳು ಬಿದ್ದುಹೋಗುವವರೆಗೆ ಪಂಪು ಹೊಡೆದೆ. ಟೈರು ಕಲ್ಲಿನಂತೆ ಗಟ್ಟಿಯಾಯಿತು! ಕರಿಯಪ್ಪ ಚಪ್ಪಾಳೆ ತಟ್ಟಿದ. ನಾನು ಅವನಿಗೆ ವಾಯುವಿನ ಒತ್ತಡದ ಬಗ್ಗೆ ಒಂದು ಕಿರುಭಾಷಣ ಮಾಡಿದೆ. ಚಕ್ರದ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಮನೆಯವರ ಗುಂಪಿಗೆ ಕಳಿಸಿದೆ. "ಪಂಚರ್ ಯಶಸ್ವಿಯಾಗಿ ನಿವಾರಣೆ. ಬರುತ್ತಿದ್ದೇನೆ."

ಫೋನು ಜೇಬಿಗೆ ಸೇರುವ ಮೊದಲೇ "ಸುಸ್ಸ್" ಎಂದಿತು.

ಚಕ್ರವನ್ನು ಮತ್ತೆ ಬಿಚ್ಚಿ ಟೈರಿನ ಒಳಗೆ ಬೆರಳಾಡಿಸಿದೆ. "ಅಯ್ಯೋ!" ಜಾಲಿಮುಳ್ಳು ಅಲ್ಲೇ ಇತ್ತು! ಟ್ಯೂಬು ಬದಲಾಯಿಸಿದ್ದೆನೇ ಹೊರತು ಮುಳ್ಳು ತೆಗೆಯುವುದನ್ನು ಮರೆತಿದ್ದೆ. ಅದು ಮೊದಲು ಹಳೆಯ ಟ್ಯೂಬನ್ನು, ಆಮೇಲೆ ಹೊಸ ಟ್ಯೂಬನ್ನು, ಕಡೆಗೆ ನನ್ನನ್ನು ಚುಚ್ಚಿ ತನ್ನ ಕರ್ತವ್ಯವನ್ನು ಪೂರೈಸಿತು.

ಹೊತ್ತು ಹನ್ನೊಂದರ ಹತ್ತಿರ. ಈಗ ನಿಜವಾಗಿ ಬೆವರಿದೆ. ಹಾಲುರಾಮೇಶ್ವರದ ಗಂಗಾಕೊಳದಲ್ಲಿ ಭಕ್ತರು ಬೇಡಿಕೊಂಡರೆ ಪ್ರಸಾದ ತೇಲಿ ಬರುತ್ತದೆ ಎನ್ನುತ್ತಾರೆ. ನಿಂತಲ್ಲೇ ಕೈ ಮುಗಿದೆ. ತಾಯೀ, ಮುಂದಿನ ಚಕ್ರದ ಟ್ಯೂಬು ಒಂದು ಈ ಕಡೆ ತೇಲಿಬಿಡು!

ಕಿಟ್ಟಿನ ಮೂಲೆಯಲ್ಲಿ ಸೊಲ್ಯೂಷನ್ ಎನ್ನುವ ಅಂಟಿನ ಪುಟ್ಟ ಟ್ಯೂಬೊಂದಿತ್ತು. ಹಳೆಯ ಟ್ಯೂಬಿನ ತುಂಡು ಕತ್ತರಿಸಿ ತೇಪೆ ಅಂಟಿಸೋಣವೆಂದು ಅದನ್ನು ಹಿಂಡಿದೆ. ಅದರ ಬಾಯಿ ಒಣಗಿ ಕಟ್ಟಿತ್ತು. ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಎರಡೂ ಕೈಯಿಂದ ಬಲವಾಗಿ ಹಿಂಡಿದೆ. ಅದು ಹಿಂಭಾಗದಲ್ಲಿ ಒಡೆಯಿತು. ಇದ್ದಬದ್ದ ಸೊಲ್ಯೂಷನ್ ಪೂರ್ತಿ ಚಿಮ್ಮಿ ನನ್ನ ತಲೆಯ ಮೇಲೆ ಬಿತ್ತು!

ಅಷ್ಟರಲ್ಲಿ ಮೈಕಿನಲ್ಲಿ ಕೇಳಿಸಿತು. "ದುರ್ಗದ ತಿಪ್ಪೇಸ್ವಾಮಿ ಮೇಷ್ಟ್ರು ಎಲ್ಲಿದ್ದರೂ ಬೇಗ ಬರಬೇಕು. ಮಗು ಕಾಯ್ತಾ ಐತೆ. ಕ್ಷೌರದೋರೂ ಕಾಯ್ತಾ ಅವ್ರೆ."

"ಯಾರ್ರೀ ಅದು ತಿಪ್ಪೇಸ್ವಾಮಿ? ಜವಾಬ್ದಾರಿ ಬೇಡ್ವಾ ಮನ್ಷಂಗೆ?" ಎಂದ ಕರಿಯಪ್ಪ.

ನಾನು ಬಗ್ಗಿ ಟೈರು ನೋಡತೊಡಗಿದೆ. ಕವಿತಾಳ ಮುಖ ಕಣ್ಣ ಮುಂದೆ ಬಂತು. ನಡೆದು ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ನನಗೂ ಆಮೇಲೆ ಹೊಳೆಯಿತು. ಆ ಕ್ಷಣಕ್ಕೆ ಹೊಳೆದದ್ದು ವಿಡಿಯೋ. ಅದರಲ್ಲಿ ಯಾವನೋ ಮರುಭೂಮಿಯಲ್ಲಿ ಟೈರಿನೊಳಗೆ ಹುಲ್ಲು ತುಂಬಿ ಊರು ಮುಟ್ಟಿದ್ದ! ಬಣವೆಯಿಂದ ಶೇಂಗಾ ಬಳ್ಳಿ ಹಿರಿದು ತಂದು ಟೈರಿಗೆ ತುರುಕಿದೆ. ಹೊರಗೆ ಬರದಂತೆ ಹೊಸ ಶಲ್ಯ ಸುತ್ತಿ ಬಿಗಿದು, ಚಕ್ರವನ್ನು ಬೈಕಿಗೆ ಸಿಕ್ಕಿಸಿದೆ. ಅವಸರದಲ್ಲಿ ತಲೆಯ ಸೊಲ್ಯೂಷನ್ ಮರೆತು ಹೆಲ್ಮೆಟ್ ಒತ್ತಿಕೊಂಡು ಹೊರಟೆ.

ಬೈಕು ಕುಂಟುತ್ತ ಓಡಿತು. ಗೆದ್ದೆ ಎಂದು ಕೂಗಿದೆ! ಶಲ್ಯ ಹರಿದು ಬಳ್ಳಿ ಎಳೆ ಎಳೆಯಾಗಿ ಉದುರತೊಡಗಿದ್ದು ಮಾತ್ರ ನನಗೆ ತಿಳಿಯಲಿಲ್ಲ. ತಿಳಿದದ್ದು ಕುರಿಗಳಿಗೆ. ಕನ್ನಡಿಯಲ್ಲಿ ನೋಡುತ್ತೇನೆ, ಇಡೀ ಮಂದೆ ನನ್ನ ಹಿಂದೆ ಬರುತ್ತಿದೆ! ಅದರ ಹಿಂದೆ ಕೋಲು ಎತ್ತಿಕೊಂಡು ಕರಿಯಪ್ಪ.

"ನಿಲ್ಸ್ರೀ! ನನ್ ಕುರಿ ಎತ್ಲಾಗ್ ಕರ್ಕಂಡ್ ಹೊಂಟ್ರಿ!"

ನಿಲ್ಲಿಸಿದರೆ ಕುರಿಗಳು ಟೈರಿಗೇ ಬಾಯಿ ಹಾಕುತ್ತವೆ. ನಿಲ್ಲಿಸಲಿಲ್ಲ. ಹೀಗೆ, ಮುಂದೆ ಸೋದರಮಾವ, ಹಿಂದೆ ಕುರಿಮಂದೆ, ಕಟ್ಟಕಡೆಗೆ ಬೈಗುಳ, ಈ ಕ್ರಮದಲ್ಲಿ ನಮ್ಮ ಮೆರವಣಿಗೆ ದೇವಸ್ಥಾನದ ಮುಂದಕ್ಕೆ ದಯಮಾಡಿಸಿತು. ಹನ್ನೆರಡಕ್ಕೆ ಇನ್ನೂ ಕಾಲು ಗಂಟೆಯಿತ್ತು!

ಕವಿತಾಳ ಅತ್ತೆ ಗೌರಮ್ಮ ತಮ್ಮ ಅಳಿಯನನ್ನು ಮಣೆಯ ಮೇಲೆ ಕೂರಿಸಿಯೇ ಬಿಟ್ಟಿದ್ದರು. ಕವಿತಾ ಮಗುವನ್ನು ಎದೆಗವಚಿಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದಳು. ನನ್ನನ್ನು ಕಂಡವಳೇ "ಬಂದ್ರು! ನಮ್ಮಣ್ಣ ಬಂದ್ರು!" ಎಂದು ಓಡಿಬಂದಳು.

ಮಗು ನನ್ನ ಹೆಲ್ಮೆಟ್ ನೋಡಿ ಕಿಟಾರನೆ ಕಿರುಚಿತು.

"ಮೊದ್ಲು ಅದನ್ನ ತೆಗೀರಿ" ಎಂದಳು ಸುಧಾ.

ತೆಗೆಯಲು ಹೋದೆ. ಬರಲಿಲ್ಲ. ಟ್ಯೂಬಿಗೆ ಅಂಟದ ಸೊಲ್ಯೂಷನ್ ನನ್ನ ಕೂದಲನ್ನೂ ಹೆಲ್ಮೆಟ್ಟಿನ ಸ್ಪಂಜನ್ನೂ ಅಗಲದ ಹಾಗೆ ಒಂದುಗೂಡಿಸಿತ್ತು! ಕವಿತಾಳ ಗಂಡ, ನಮ್ಮ ಭಾವ, ಎಳೆದ. ಗೌರಮ್ಮನ ಅಳಿಯ ಎಳೆದ. ಓಡಿ ಬಂದ ಕರಿಯಪ್ಪ ಜಗಳ ಮರೆತು ಅವನೂ ಎಳೆದ. ಅವರು ಎಳೆದಷ್ಟೂ ನಾನು ಕೂಗಿದೆ. ನಾನು ಕೂಗಿದಷ್ಟೂ ಮಗು ಅತ್ತಿತು.

"ಹನ್ನೆರಡಾಗ್ತಾ ಬಂತು" ಎಂದರು ಗೌರಮ್ಮ.

ಕ್ಷೌರ ಮಾಡುವ ಹಿರಿಯರು ನನ್ನ ಸುತ್ತ ಒಂದು ಸುತ್ತು ಬಂದು, "ಕುಂತ್ಕಳ್ರಿ ಮೇಷ್ಟ್ರೆ. ಇವತ್ತು ನಿಮ್ದೇ ಮೊದ್ಲು" ಎಂದರು. ಹೆಲ್ಮೆಟ್ಟಿನ ಸಂದಿಯಲ್ಲಿ ಕತ್ತರಿ ಹೋಯಿತು. ಕರಕರ ಸದ್ದಾಯಿತು. ಹೆಲ್ಮೆಟ್ ಹೊರಬಂತು, ಕೂದಲ ಸಮೇತ! ಉಳಿದ ತುಂಡುಕೂದಲನ್ನು ಹಾಗೇ ಬಿಟ್ಟರೆ ಮಗು ಜನ್ಮದಲ್ಲೇ ನನ್ನ ಹತ್ತಿರ ಬರುವುದಿಲ್ಲವೆಂದು ಹೇಳಿ, ಅವರು ಕತ್ತಿ ಹಿಡಿದು ಸರಸರನೆ ಅಷ್ಟನ್ನೂ ಬೋಳಿಸಿಬಿಟ್ಟರು.

ಮಗು ಅಳು ನಿಲ್ಲಿಸಿತು. ನನ್ನ ತಲೆಯನ್ನೇ ನೋಡಿತು. ಕೈ ಚಾಚಿ ಪಟಪಟನೆ ತಟ್ಟಿ, ಇದ್ದ ಎರಡು ಹಲ್ಲು ಬಿಟ್ಟು ಕೇಕೆ ಹಾಕಿ ನಕ್ಕಿತು! ತಾನೇ ಜಾರಿಕೊಂಡು ನನ್ನ ತೊಡೆಗೆ ಬಂತು. ರಾಹುಕಾಲ ಕಾಲಿಡುವ ಮೊದಲೇ ಅದರ ಮೊದಲ ಕೂದಲು ತಟ್ಟೆಗೆ ಬಿತ್ತು. ಕವಿತಾ ನನ್ನನ್ನೂ ಅತ್ತೆಯನ್ನೂ ನೋಡಿ ತಲೆ ಎತ್ತಿ ನಿಂತಳು. ನನಗೆ ಕಣ್ಣು ತುಂಬಿ ಬಂತು. ಅಷ್ಟು ಸಂತೋಷ ನನಗೆ ಯಾವ ಗುಡ್ಡ ಹತ್ತಿದಾಗಲೂ ಆಗಿರಲಿಲ್ಲ.

ಊಟಕ್ಕೆ ಕುಳಿತಾಗ ಎದುರು ಪಂಕ್ತಿಯ ಅಜ್ಜಿಯೊಬ್ಬರು ನನ್ನ ನುಣ್ಣನೆಯ ತಲೆ ನೋಡಿ ಭಕ್ತಿಯಿಂದ ಕೇಳಿದರು. "ದೇವ್ರಿಗೆ ಮುಡಿ ಕೊಟ್ರೇನಪ್ಪ? ಏನ್ ಹರಕೆ ಇತ್ತು?"

ನಾನು ಬಾಯಿ ತೆರೆಯುವ ಮೊದಲೇ ಸುಧಾ ಪಾಯಸ ಬಡಿಸುತ್ತ ಹೇಳಿದಳು. "ಇನ್ಮೇಲೆ ಬಸ್ಸಲ್ಲೇ ಓಡಾಡ್ತೀನಿ ಅಂತ ಹರಕೆ ಅಜ್ಜಿ."

"ಒಳ್ಳೇದಪ್ಪ. ದೇವ್ರ ಮುಂದೆ ಆಡಿದ್ ಮಾತು, ತಪ್ಪಬ್ಯಾಡ" ಎಂದು ಅಜ್ಜಿ ಅಲ್ಲಿಂದಲೇ ಕೈ ಮುಗಿದರು. ಪಂಕ್ತಿಗೆ ಪಂಕ್ತಿಯೇ ತಲೆದೂಗಿತು.

ಬೈಕನ್ನು ಭಾವನ ಮನೆಯಲ್ಲಿ ಬಿಟ್ಟು ಸಂಜೆ ದುರ್ಗದ ಬಸ್ಸು ಹತ್ತಿದೆ. ಬೋಳು ತಲೆ ಕಂಡು ಯಾತ್ರೆಯಿಂದ ಬಂದವನೆಂದು ಯಾರೋ ಎದ್ದು ಕಿಟಕಿಯ ಪಕ್ಕ ಜಾಗ ಕೊಟ್ಟರು. ಬೆಳಗಿನಿಂದ ಎಷ್ಟು ಹೊಡೆದರೂ ಟೈರಿನಲ್ಲಿ ನಿಲ್ಲದಿದ್ದ ಗಾಳಿ, ಹೊಳಲ್ಕೆರೆಯಿಂದ ದುರ್ಗದವರೆಗೂ ನನ್ನ ನುಣ್ಣನೆಯ ತಲೆಯ ಮೇಲೆ ಒಂದೇ ಸಮನೆ ಬೀಸುತ್ತಿತ್ತು. ಅದೂ ಪುಕ್ಕಟೆಯಾಗಿ!