ಕಾರು ಕುಡಿದ ನೀರು ಹೋದದ್ದೆಲ್ಲಿಗೆ?

“ನನ್ನ ಕಣ್ಣು ತಪ್ಪಿಸಿ ಸೋರೋ ವಸ್ತು ಈ ಭೂಮಿ ಮ್ಯಾಲ ಇನ್ನೂ ಹುಟ್ಟಿಲ್ಲ!”

ಹೈದರಾಬಾದಿನ ಮಿಯಾಪುರದ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ, ಹಳೇ ಡೀಸೆಲ್ ಕಾರಿನ ಬಾನೆಟ್ಟಿನ ಮೇಲೆ ಬಲಗೈಯಿಟ್ಟು ಅಮರೇಶಪ್ಪ ಹೀಗೊಂದು ಭೀಷಣ ಪ್ರತಿಜ್ಞೆ ಮಾಡಿದಾಗ, ಕೇಳಿಸಿಕೊಳ್ಳಲು ಇದ್ದವಳು ಹೆಂಡತಿ ಸುಹಾಸಿನಿ ಒಬ್ಬಳೇ. ಅವಳೂ ಅರ್ಧ ಕೇಳಿ ಲಿಫ್ಟಿನ ಕಡೆ ನಡೆದಿದ್ದಳು.

ಹೈಟೆಕ್ ಸಿಟಿಯ ಸುತ್ತ ಬಂಡೆಗಳನ್ನು ಸಿಡಿಸಿ ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಕಾಲ ಅದು. ಲಿಂಗಸುಗೂರಿನ ಅಮರೇಶಪ್ಪ ಅಂಥದ್ದೊಂದು ಗಾಜಿನೊಳಗೆ ಹೋಗುತ್ತಲೇ ‘ಅಮರ್’ ಆಗುತ್ತಿದ್ದ. ಸಮುದ್ರದಾಚೆಯ ಯಾವುದೋ ಬ್ಯಾಂಕಿನ ಕಂಪ್ಯೂಟರ್ ಕೆಮ್ಮಿದರೆ, ಕೆಮ್ಮಿದ್ದು ಏಕೆಂದು ಇಲ್ಲಿ ಕೂತು ಕಂಡುಹಿಡಿಯುವುದು ಅವನ ಕೆಲಸ. ಆ ಮೂಲಕಾರಣಕ್ಕೆ ಆಫೀಸಿನಲ್ಲಿ ‘ರೂಟ್ ಕಾಸ್’ ಎನ್ನುತ್ತಾರೆ. ಅವನು ಮನೆಯಲ್ಲಿ ಸಾರು ಉಕ್ಕಿದರೂ ಅದನ್ನೇ ಕೇಳುತ್ತಿದ್ದ.

ಅಂಥವನ ಕಾರಿಗೇ ವಿಚಿತ್ರ ಕಾಯಿಲೆ ಬಂದಿತ್ತು. ಬೆಳಿಗ್ಗೆ ಇಂಜಿನ್ ತಂಪಾಗಿಡಲು ಎಷ್ಟು ಕೂಲಂಟ್ ಸುರಿದರೂ ಸಂಜೆಗೆ ರೇಡಿಯೇಟರ್ ಒಣ ಒಣ! ನೆಲದ ಮೇಲೆ ನೋಡಿದರೆ ಒಂದು ಹನಿಯಿಲ್ಲ. ಕೊನೆಗೆ ಕೂಲಂಟಿನ ಆಸೆ ಬಿಟ್ಟು ನಲ್ಲಿ ನೀರನ್ನೇ ಕುಡಿಸತೊಡಗಿದ. ಕಾರು ಅದನ್ನೂ ಸಂಕೋಚವಿಲ್ಲದೆ ಕುಡಿಯಿತು.

ಪ್ರತಿಜ್ಞೆಗೆ ಕಾರಣ, ಬರುವ ಭಾನುವಾರ ಊರಿನ ಇನ್ನೊಂದು ತುದಿಯ ಕುಷಾಯಿಗೂಡದಲ್ಲಿ ಸುಹಾಸಿನಿಯ ಅಣ್ಣ ಚಂದ್ರಕಾಂತನ ಹೊಸಮನೆಯ ಗೃಹಪ್ರವೇಶ.

“ನೋಡ್ರಿ, ನಾನು ಮನಿ ಮಗಳು. ಕಳಸ ಹಿಡದು ಒಳಗ ಹೋಗಾಕಿ ನಾನು. ಈ ನಿಮ್ಮ ಡಬ್ಬಿಯಿಂದ ಅವತ್ತು ನನ್ನ ಮರ್ಯಾದಿ ಹೋತಂದ್ರ, ಅಲ್ಲೇ ತಾಯಪ್ಪಗ ಕೀಲಿಕೈ ಕೊಟ್ಟುಬಿಡ್ತೀನಿ” ಎಂದಿದ್ದಳು ಅವಳು.

ತಾಯಪ್ಪ ಚಂದ್ರಕಾಂತನ ಗೆಳೆಯ. ಪಟಾನ್‌ಚೆರುವಿನ ಕಾರ್ಖಾನೆಗಳಿಗೆ ಜನರನ್ನು ಸಾಗಿಸಲು ಹಳೇ ಡೀಸೆಲ್ ಗಾಡಿಗಳನ್ನು ಹುಡುಕಿಕೊಂಡು ತಿರುಗುವವನು. ಈ ಕಾರಿನ ಮೇಲೆ ಅವನಿಗೆ ಎಂದಿನಿಂದಲೋ ಕಣ್ಣು. ಅಮರೇಶಪ್ಪ ಡ್ರೈವಿಂಗ್ ಕಲಿತದ್ದು ಅದರಲ್ಲಿ, ಸುಹಾಸಿನಿಯನ್ನು ಮದುವೆಯಾಗಿ ಕರೆತಂದದ್ದು ಅದರಲ್ಲಿ. ಅದನ್ನು ಇನ್ನೊಬ್ಬನ ಕೈಗೆ ಕೊಡುವುದೆಂದರೆ ಅವನಿಗೆ ನಿಜಕ್ಕೂ ಅಳು ಬರುವ ಮಾತು.

ತನಿಖೆ ಶುರುವಾಯಿತು! ಮೊದಲು ಕಾರಿನಡಿ ಪೇಪರ್ ಹಾಸಿದ. ಬೆಳಿಗ್ಗೆ ನೋಡಿದರೆ ಮುಂದಿನ ಚಕ್ರದ ಬಳಿ ಒದ್ದೆ! ಆನಂದ ತಡೆಯಲಾಗಲಿಲ್ಲ. ಕೂಲಂಟಾದರೆ ಸಿಹಿಯಿರುತ್ತದೆ ಎಂದು ಎಲ್ಲೋ ಓದಿದ್ದು ನೆನಪಾಗಿ, ಬೆರಳಲ್ಲಿ ಒರೆಸಿ ನಾಲಿಗೆಗೆ ತಾಗಿಸಿದ.

“ರೀ! ಅದು ನಾಯಿದು!” ಬಾಲ್ಕನಿಯಿಂದ ಸುಹಾಸಿನಿ ಕೂಗಿದಳು. “ಈಗರ ಕಾಲೆತ್ತಿ ಹೋತು!”

ಉಪ್ಪುಪ್ಪಾಗಿದ್ದುದೇಕೆಂದು ಆಗ ತಿಳಿಯಿತು. ಆ ಪ್ರಯೋಗದ ಫಲಿತಾಂಶವನ್ನು ಅವನು ಆಫೀಸಿನಲ್ಲಿ ಯಾರಿಗೂ ಹೇಳಲಿಲ್ಲ.

ಆಮೇಲೆ ರೇಡಿಯೇಟರಿನ ಮುಚ್ಚಳ ಬದಲಾಯಿತು, ರಬ್ಬರ್ ಪೈಪುಗಳು ಬದಲಾದವು, ವಾಟರ್ ಪಂಪೂ ಹೊಸದು ಬಂತು. ಕಾರಿನ ಬಾಯಾರಿಕೆ ಮಾತ್ರ ಹಳೆಯದೇ. ಶನಿವಾರ ಸಂಜೆ ಅವನ ತಲೆಯಲ್ಲಿ ಬ್ರಹ್ಮಾಸ್ತ್ರ ಹೊಳೆಯಿತು. ನೀರಿಗೆ ಬಣ್ಣ ಬೆರೆಸಿದರೆ ಅದು ಸೋರಿದ ಜಾಗದಲ್ಲಿ ಗುರುತು ಬಿಡಲೇಬೇಕಲ್ಲ! ಅಟ್ಟದ ಮೇಲೆ ಹೋಳಿಯಲ್ಲಿ ಉಳಿದಿದ್ದ ಗುಲಾಬಿ ಬಣ್ಣದ ಪೊಟ್ಟಣ ಸಿಕ್ಕಿತು. ಚಿಟಿಕೆ ಸಾಕಿತ್ತು. ಪ್ರತಿಜ್ಞೆ ಮಾಡಿದವನ ಕೈ ಚಿಟಿಕೆಗೆ ನಿಲ್ಲುತ್ತದೆಯೇ? ಪೊಟ್ಟಣವನ್ನೇ ಕೊಡವಿದ.

ಭಾನುವಾರ ಸುಹಾಸಿನಿ ಬಿಳಿ ಅಂಚಿನ ಇಳಕಲ್ ಸೀರೆಯುಟ್ಟು, ತೊಡೆಯ ಮೇಲೆ ಶೇಂಗಾ ಹೋಳಿಗೆಯ ದೊಡ್ಡ ಬುಟ್ಟಿಯಿಟ್ಟುಕೊಂಡು ಕೂತಳು. ಹೊಸ ಚಪ್ಪಲಿ ಕಚ್ಚುತ್ತಿದ್ದವೆಂದು ಬಿಚ್ಚಿ ಬದಿಗಿಟ್ಟಳು. ದಾರಿಯುದ್ದಕ್ಕೂ ಅಮರೇಶಪ್ಪನ ಒಂದು ಕಣ್ಣು ರಸ್ತೆಯ ಮೇಲೆ, ಇನ್ನೊಂದು ಇಂಜಿನ್ನಿನ ಬಿಸಿ ತೋರಿಸುವ ಮುಳ್ಳಿನ ಮೇಲೆ. ಮುಳ್ಳು ಮೇಲೇರುತ್ತ ಏರುತ್ತ ಕೆಂಪು ಗೆರೆಯ ಹತ್ತಿರ ಬರುವಷ್ಟರಲ್ಲಿ ಕುಷಾಯಿಗೂಡ ಬಂತು. ಗೆದ್ದೆ ಎಂದುಕೊಂಡ!

“ಲಗೂ ಬಾರವ್ವ, ಮುಹೂರ್ತ ಮೀರಾಕತ್ತೈತಿ!” ಎಂದು ತಾಯಿ ಜಯಮ್ಮ ಬಾಗಿಲಲ್ಲೇ ಕೂಗಿದರು. ಸುಹಾಸಿನಿ ಬುಟ್ಟಿಯನ್ನು ಗಂಡನ ಕೈಗೆ ತುರುಕಿ, ಬರಿಗಾಲಲ್ಲೇ ಇಳಿದು, ಕಳಸ ಹಿಡಿದು, ಹೊಸ್ತಿಲು ದಾಟಿದಳು. ಒಳಗೆ ಚಂದ್ರಕಾಂತ ರಾಜಸ್ಥಾನದಿಂದ ತರಿಸಿದ ಹಾಲಿನಂಥ ಅಮೃತಶಿಲೆ. ಅದನ್ನು ಹಾಕಿಸಿದಂದಿನಿಂದ ಅವನು ತನ್ನ ನೆರಳನ್ನೂ ಅದರ ಮೇಲೆ ಬೀಳಲು ಬಿಟ್ಟಿರಲಿಲ್ಲ!

ಅದರ ಮೇಲೆ ಒಂದು ಗುಲಾಬಿ ಹೆಜ್ಜೆ. ಇನ್ನೊಂದು. ಮತ್ತೊಂದು. ಹೊಸ್ತಿಲಿನಿಂದ ದೇವರಮನೆಯವರೆಗೆ!

“ಅಬ್ಬಾ! ಲಕ್ಷ್ಮೀದೇವಿ ವಚ್ಚಿಂದಿ!” ಎಂದು ಪಕ್ಕದ ಮನೆಯ ತೆಲುಗಿನ ಹೆಂಗಸು ಬಂದ ಲಕ್ಷ್ಮಿಗೆ ಕೈಮುಗಿದಳು. ಚಂದ್ರಕಾಂತನ ಹೆಂಡತಿ ಭವಾನಿ ಕೈಮುಗಿಯಲಿಲ್ಲ. ಒದ್ದೆ ಬಟ್ಟೆ ತಂದು ಉಜ್ಜಿದಳು. ಹೆಜ್ಜೆ ಹೋಗಿ ಗುಲಾಬಿ ಹೊಂಡವಾಯಿತು. ಸುಹಾಸಿನಿ ತನ್ನ ಪಾದ ನೋಡಿಕೊಂಡಳು, ಸೀರೆಯ ಅಂಚು ನೋಡಿಕೊಂಡಳು. ಚಂದ್ರಕಾಂತ ಕಂಬ ಹಿಡಿದು ನಿಂತ. ಪುರೋಹಿತರ ಮಂತ್ರ ಅರ್ಧಕ್ಕೆ ನಿಂತಿತು.

ಅಷ್ಟರಲ್ಲಿ ಬಾಗಿಲ ಕಡೆಯಿಂದ ಒಂದು ಕೂಗು: “ಸಿಕ್ತು! ಸಿಕ್ತು!”

ಕಾರಿನೊಳಗೆ ಇಣುಕಿ ಬಂದ ಅಮರೇಶಪ್ಪ ಹೋಳಿಗೆ ಬುಟ್ಟಿ ಹಿಡಿದು ಹೊಸ್ತಿಲಲ್ಲಿ ಕುಣಿಯುತ್ತಿದ್ದ!

“ಎಡಗಡಿ ಸೀಟಿನ ಕಾಲಡಿ! ರೇಡಿಯೇಟರಿನ ನೀರು ಹಾಯೋ ಹೀಟರ್ ಸೋರಾಕತ್ತೈತಿ! ಹೈದರಾಬಾದಿನ್ಯಾಗ ಯಾರೂ ಹಚ್ಚಲಾರದ ಹೀಟರ್! ನೀರು ಹೊರಗ ಹೋಗಂಗಿಲ್ಲ, ಕಾರಿನೊಳಗ ಬರ್ತೈತಿ. ಅದಕ್ಕ ನೆಲದ ಮ್ಯಾಲ ಹನಿ ಕಾಣಲಿಲ್ಲ. ಇದು ರೂಟ್ ಕಾಸ್!”

“ಅಳಿಯಾರ, ನನ್ನ ಕಲ್ಲು...” ಎಂದ ಚಂದ್ರಕಾಂತ, ಅಳುವ ದನಿಯಲ್ಲಿ.

“ಯಾರೂ ಒರಸಬ್ಯಾಡ್ರಿ” ಎಂದು ಜಯಮ್ಮ ತೀರ್ಪು ಕೊಟ್ಟರು. “ಮನಿ ಮಗಳ ಹೆಜ್ಜಿ ಅದು. ಹಂಗ ಇರ್ಲಿ.” ಅತ್ತೆಯ ಎದುರು ಭವಾನಿ ಬಟ್ಟೆ ಕೆಳಗಿಟ್ಟಳು. ಅಮರೇಶಪ್ಪನಿಗೆ ಜೀವ ಬಂತು. ಶಹಬ್ಬಾಸ್ ಎನ್ನುವವರು ಯಾರಾದರೂ ಇದ್ದಾರೆಯೇ ಎಂದು ಸುತ್ತ ನೋಡಿದ.

ಎದ್ದು ಬಂದವನು ತಾಯಪ್ಪ. “ಸಾಹೇಬ್ರ ತಲಿ ಭಾಳ ಚಲೋ ಐತ್ರಿ. ಆದ್ರ ಒಂದು ಮಾತು. ಕಾಲಡಿ ಇಷ್ಟು ಸೋರಿದ್ರ, ಕೂತ ಅಕ್ಕಾರಿಗೆ ಗೊತ್ತಾಗಲಿಲ್ಲೇನು?”

ಎಲ್ಲರೂ ಸುಹಾಸಿನಿಯ ಕಡೆ ತಿರುಗಿದರು.

“ಗೊತ್ತಾಗದ ಏನ್ರಿ? ಯುಗಾದಿಯಿಂದ ಹೇಳಾಕತ್ತೀನಿ, ಕಾಲಡಿ ಹಸಿ ಐತಿ, ಹಸಿ ಐತಿ ಅಂತ. ‘ಅದು ಏಸಿ ನೀರು, ನಿನಗ ತಿಳಿಯಂಗಿಲ್ಲ, ಸುಮ್ಮನಿರು’ ಅಂದ್ರು. ದಿನಾ ಆ ಮ್ಯಾಟ್ ತಂದು ಬಾಲ್ಕನ್ಯಾಗ ಒಣಗಿಸಾಕಿ ನಾನು. ಇವತ್ತೂ ಹಸಿ ಹತ್ತಿತು. ಹೇಳಿ ಏನು ಉಪಯೋಗ ಅಂತ ಸುಮ್ಮನ ಕೂತೆ.”

ನೆರೆದವರೆಲ್ಲ ನಕ್ಕರು. ಪುರೋಹಿತರೂ ನಕ್ಕರು. ಅಮರೇಶಪ್ಪ ಬುಟ್ಟಿಯೊಳಗಿನ ಹೋಳಿಗೆಗಳನ್ನು ಬಹಳ ಶ್ರದ್ಧೆಯಿಂದ ಪರೀಕ್ಷಿಸತೊಡಗಿದ.

ತಾಯಪ್ಪ ಮೆಲ್ಲಗೆ ಕೈಚಾಚಿದ. “ಹಂಗಾದ್ರ ಅಕ್ಕಾರ... ಕೀಲಿಕೈ?”

ಸುಹಾಸಿನಿ ಗಂಡನ ಜೇಬಿನಿಂದ ಕೀಲಿಕೈ ತೆಗೆದಳು. ಅವನು ಕಣ್ಣು ಮುಚ್ಚಿಕೊಂಡ. ಅವಳು ಅದನ್ನು ತನ್ನ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

“ಕಾರು ಕೊಡಂಗಿಲ್ರಿ. ಪಾಪ, ಅದು ಎಲ್ಲಿ ಸೋರತೈತಿ ಅಂತ ದಿನಾ ತೋರಸಾಕತ್ತಿತ್ತು. ಬೇಕಾದ್ರ ಓಡಸವ್ರನ್ನ ಒಯ್ರಿ. ಆದ್ರ ಮೊದಲ ಹೇಳಿರ್ತೀನಿ, ಕಿವಿ ಕೆಲಸ ಮಾಡಂಗಿಲ್ಲ!”