ಗಿಣಿ ಪಚ್ಚಯ್ಯನಿಗೆ ಇಪ್ಪತ್ತೆರಡು ಮಂದಿಯ ಶ್ರದ್ಧಾಂಜಲಿ

ಬೆಳಗ್ಗೆ ಹತ್ತಕ್ಕೆ ಫ್ಲೆಕ್ಸ್ ಅಂಗಡಿಯ ಶಟರ್ ಎತ್ತಿ, ಕಂಪ್ಯೂಟರಿಗೆ ಊದುಬತ್ತಿ ಬೆಳಗಿ ಕೂತ ಮುರಳೀಕೃಷ್ಣ ಮೊಬೈಲ್ ನೋಡದೇ ಇದ್ದಿದ್ದರೆ ಆ ದಿನವೂ ಮಿಕ್ಕ ದಿನಗಳಂತೆ ಸದ್ದಿಲ್ಲದೆ ಹಾಳಾಗಿ ಹೋಗುತ್ತಿತ್ತು. ಆದರೆ ನೋಡಿಬಿಟ್ಟ. ಹೈಸ್ಕೂಲ್ ಗೆಳೆಯರ ಗ್ರೂಪಿನಲ್ಲಿ ಯಾರೋ ಒಂದು ಸಾಲು ಹಾಕಿದ್ದರು: 'ನಮ್ಮ ಬಾಲ್ಯದ ಕಾರ್ಟೂನ್ ಗಿಣಿ ಪಚ್ಚಯ್ಯನನ್ನು ಬರೆದ ರೇವಣಸಿದ್ದಯ್ಯ ಇನ್ನಿಲ್ಲ.' ಅದರ ಕೆಳಗೆ ಮುಗಿದ ಕೈಗಳು ಮೂರು ಜೊತೆ. ಅದಕ್ಕೂ ಕೆಳಗೆ, ಕೆಂಗೇರಿಯಲ್ಲಿ ಸೈಟು ಮಾರಾಟಕ್ಕಿದೆ ಎಂಬ ಇನ್ನೊಬ್ಬನ ಸಮಾಚಾರ.

ಮುರಳಿ ಮೊಬೈಲನ್ನು ಮೇಜಿನ ಮೇಲೆ ಬೋರಲಿಟ್ಟ. ಬಾಪೂಜಿ ನಗರದ ವಠಾರದಲ್ಲಿದ್ದ ಒಂದೇ ಒಂದು ಟೀವಿಯ ಮುಂದೆ ಭಾನುವಾರ ಬೆಳಗ್ಗೆ ಇಪ್ಪತ್ತು ಮಕ್ಕಳು ಚಡ್ಡಿಯಲ್ಲಿ ಕೂತು ನೋಡುತ್ತಿದ್ದ ಹತ್ತು ನಿಮಿಷದ ಕಾರ್ಟೂನ್ ಅದು. ಪಚ್ಚಯ್ಯ ಶಾಸ್ತ್ರ ಹೇಳುವವನ ಪಂಜರದ ಗಿಣಿ. ಪ್ರತಿ ಸಲವೂ ತಪ್ಪು ಕಾರ್ಡನ್ನೇ ಎತ್ತುತ್ತಿತ್ತು. ಮದುವೆ ಯಾವಾಗ ಎಂದು ಕೇಳಿದವನಿಗೆ ಸನ್ಯಾಸಿಯ ಚಿತ್ರ, ಸನ್ಯಾಸಿಗೆ ಗಂಡು ಮಗುವಿನ ಚಿತ್ರ. ಯಜಮಾನ ಹಣೆ ಚಚ್ಚಿಕೊಂಡರೆ ಪಚ್ಚಯ್ಯ ಮಕ್ಕಳ ಕಡೆ ತಿರುಗಿ, 'ನಾನೇನು ಮಾಡಲಿ' ಎಂಬಂತೆ ಒಂದು ರೆಕ್ಕೆ ಎತ್ತುತ್ತಿತ್ತು. ಆ ರೆಕ್ಕೆಯನ್ನು ಗಣಿತದ ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದೂ ಬರೆದೂ ಮುರಳಿ ಗಣಿತದಲ್ಲಿ ಫೇಲಾಗಿದ್ದ. ದೊಡ್ಡವನಾದ ಮೇಲೆ ತಾನೂ ಚಿತ್ರಗಳಿಗೆ ಜೀವ ಕೊಡಬೇಕು ಎಂದುಕೊಂಡಿದ್ದ. ಈಗ ಮೂವತ್ತೆಂಟನೇ ವಯಸ್ಸಿನಲ್ಲಿ, ವಿಜಯನಗರದ ಈ ಅಂಗಡಿಯಲ್ಲಿ, ಸತ್ತವರ ಕಾಲರ್ ಬೆಳ್ಳಗೆ ಮಾಡುವುದು, ಬದುಕಿರುವ ಮುಖಂಡರ ತಲೆಗೆ ಕೂದಲು ತುಂಬುವುದು ಅವನ ಉದ್ಯೋಗ.

ಪೇಪರಿನಲ್ಲಿ ಒಂದು ಸಾಲಿಲ್ಲ, ಟೀವಿಯಲ್ಲಿ ಸುದ್ದಿಯಿಲ್ಲ. ಗಲ್ಲಿಗಲ್ಲಿಯ ಮರಿ ಪುಢಾರಿಗೂ ಬ್ಯಾನರ್ ಮಾಡಿಕೊಟ್ಟ ಕೈ ಇದು, ಈ ಮನುಷ್ಯನಿಗೆ ಒಂದಾದರೂ ಹಾಕದಿದ್ದರೆ ನನ್ನ ಜನ್ಮಕ್ಕಿಷ್ಟು ಎಂದುಕೊಂಡ. ಮಾಲೀಕ ಮಹದೇವ್ ಬಂದ ಕೂಡಲೇ ಕೇಳಿಯೂ ಬಿಟ್ಟ.

"ಯಾರಪ್ಪ ಅದು ರೇವಣಸಿದ್ದಯ್ಯ? ನಮ್ಮ ಏರಿಯಾನಾ?"

"ಕಾರ್ಟೂನ್ ಬರೀತಿದ್ರು ಸಾರ್. ದೊಡ್ಡ ಕಲಾವಿದ್ರು."

"ಸರಿ, ಹಾಕ್ಕೋ. ಮೂಲೇಲಿ ಮಿಕ್ಕಿರೋ ಪೀಸ್ ಐತಲ್ಲ, ಅದ್ರಲ್ಲೇ ಹೊಡಿ. ಫೋಟೋ ಎಲ್ಲಿ?"

ಫೋಟೋ ಎಲ್ಲೂ ಇರಲಿಲ್ಲ. ಮುರಳಿ ಇಂಟರ್‌ನೆಟ್ಟನ್ನೆಲ್ಲ ಜಾಲಾಡಿದ. ಗಿಣಿಯನ್ನು ಸಾವಿರ ಸಲ ನೋಡಿದ ಜನ ಅದನ್ನು ಬರೆದವನ ಮುಖವನ್ನು ಒಂದು ಸಲವೂ ನೋಡಿರಲಿಲ್ಲ. ಕೊನೆಗೆ ಬಿಳಿ ಹಾಳೆ ತೆಗೆದು, ಪೆನ್ಸಿಲ್ ಹಿಡಿದು, ಪಚ್ಚಯ್ಯನನ್ನೇ ಬರೆಯತೊಡಗಿದ. ಎಷ್ಟೋ ವರ್ಷಗಳ ಮೇಲೆ ಕೈ ಪೆನ್ಸಿಲ್ ಹಿಡಿದಿತ್ತು. ಮೊದಲು ತಡವರಿಸಿತು, ಆಮೇಲೆ ತಾನೇ ದಾರಿ ಹಿಡಿಯಿತು. ಕೊಕ್ಕು, ಗುಂಡು ಕಣ್ಣು, ಎತ್ತಿದ ರೆಕ್ಕೆ ಎಲ್ಲ ಮೂಡಿದಾಗ ಅವನಿಗೆ ಅಳು ಬಂತು. ಅಷ್ಟು ಸಂತೋಷ ಅವನಿಗೆ ಆ ಅಂಗಡಿಯಲ್ಲಿ ಎಂದೂ ಆಗಿರಲಿಲ್ಲ.

ಗಿಣಿಗೊಂದು ಹಾರ, ಮೇಲೆ 'ಭಾವಪೂರ್ಣ ಶ್ರದ್ಧಾಂಜಲಿ', ಕೆಳಗೆ ದೊಡ್ಡ ಅಕ್ಷರದಲ್ಲಿ 'ರೇವಣಸಿದ್ದಯ್ಯ'. ಪ್ರಿಂಟಿಗೆ ಕೊಡಬೇಕು, ಅಷ್ಟರಲ್ಲಿ ಎದುರಿನ ಆಟೋ ಸ್ಟ್ಯಾಂಡಿನ ಅಧ್ಯಕ್ಷ ಬೆಟ್ಟಯ್ಯ ಒಳಗೆ ಬಂದ. ಬ್ಯಾನರ್ ಕಟ್ಟಬೇಕಾದ ಕಂಬ ಅವನ ಸ್ಟ್ಯಾಂಡಿನದು.

"ಏನ್ ಮುರಳಿ, ಕೆಳಗಡೆ ಬೋಳು ಬೋಳು! ಕೋರೋರೇ ಇಲ್ದೆ ಇದೆಂಥ ಶ್ರದ್ಧಾಂಜಲಿ? ಒಬ್ರದ್ದೂ ಮುಖ ಇಲ್ದಿದ್ರೆ ಸಂಜೆಯೊಳಗೆ ಬಿಚ್ಕೊಂಡು ಹೋಗಿ ಸ್ಕೂಟರ್‌ಗೆ ಹೊದಿಸ್ತಾರೆ. ನಂದೊಂದು ಹಾಕು, ಯಾರೂ ಮುಟ್ಟಲ್ಲ."

ಮಾತು ಸರಿಯಾಗಿಯೇ ಇತ್ತು. ಮುರಳಿ ಬೆಟ್ಟಯ್ಯನ ಫೋಟೋ ಹಾಕಿದ. ಅಧ್ಯಕ್ಷರದು ಹಾಕಿದ ಮೇಲೆ ಉಪಾಧ್ಯಕ್ಷರದು ಬೇಡವೇ? ಕಾರ್ಯದರ್ಶಿ ಮುನಿಸಿಕೊಳ್ಳುವುದಿಲ್ಲವೇ? ಮಹದೇವ್ ತನ್ನದೂ ಇರಲಿ ಎಂದ, ಅಂಗಡಿ ತನ್ನದಲ್ಲವೇ. ಸುದ್ದಿ ಬೀದಿಗೆ ಬಿದ್ದು ಬೇಕರಿಯವನು, ಗ್ಯಾರೇಜಿನವನು, ಗಣೇಶನ ಕಮಿಟಿಯವರು ಕೂಲಿಂಗ್ ಗ್ಲಾಸ್ ಹಾಕಿಕೊಂಡ ಫೋಟೋಗಳನ್ನು ಕಳಿಸಿದರು. ಸತ್ತವರು ಯಾರೆಂದು ಒಬ್ಬರೂ ಕೇಳಲಿಲ್ಲ. ಒಂದೊಂದು ಮುಖ ಬಂದಾಗಲೂ ರೇವಣಸಿದ್ದಯ್ಯನ ಹೆಸರು ಒಂದೊಂದು ಸುತ್ತು ಇಳಿಯುತ್ತಾ ಹೋಯಿತು. ಇಪ್ಪತ್ತೊಂದು ಮುಖ ತುಂಬುವ ಹೊತ್ತಿಗೆ ಅದು ಮಾತ್ರೆಯ ಡಬ್ಬಿಯ ಮೇಲಿನ ಅಕ್ಷರದಷ್ಟಾಗಿತ್ತು.

"ನಮ್ ಭಾಮೈದ ಒಬ್ಬ ಉಳ್ಕೊಂಡ ಕಣೋ," ಎಂದ ಬೆಟ್ಟಯ್ಯ.

"ಜಾಗ ಇಲ್ಲ ಅಣ್ಣ."

"ಏನೋ ಇರುವೆ ಸಾಲಿನ ಥರ ಬರ್ದಿದೀಯಲ್ಲ, ಅದನ್ನ ತೆಗಿ. ಅವನನ್ನ ಬಿಟ್ರೆ ಮನೇಲಿ ನಂಗೆ ಅನ್ನ ಇಲ್ಲ."

ಕಂಬ ಅವನದು. ಮುರಳಿ ಅರ್ಧ ಗಂಟೆ ವಾದಿಸಿ ಸೋತ. ಗಿಣಿಯನ್ನು ನೋಡಿದವರಿಗೆ ಅದು ಯಾರದೆಂದು ಗೊತ್ತಾಗದೇ ಇರುತ್ತದೆಯೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ಹೆಸರನ್ನು ತನ್ನ ಕೈಯಾರೆ ಅಳಿಸಿದ. ಆ ಜಾಗದಲ್ಲಿ ಭಾಮೈದ ಹಲ್ಲು ಕಿರಿದ.

ಮೂರು ಗಂಟೆಗೆ ಬ್ಯಾನರ್ ಕಂಬ ಏರಿತು. ಮೊದಲು ನೋಡಿದವಳು ಹೂ ಮಾರುವ ನರಸಮ್ಮ.

"ಅಯ್ಯೋ ಪಾಪ, ಯಾರ ಮನೆ ಗಿಣಿನಪ್ಪಾ?"

ಬೆಟ್ಟಯ್ಯನಿಗೂ ಗೊತ್ತಿರಲಿಲ್ಲ. ಆದರೆ ಅಧ್ಯಕ್ಷನಾದವನು ಗೊತ್ತಿಲ್ಲ ಎಂದು ಹೇಳಲಾಗುತ್ತದೆಯೇ?

"ನಮ್ ಸ್ಟ್ಯಾಂಡಿಗೇ ಬೇಕಾಗಿದ್ದ ಗಿಣಿ ಕಣಮ್ಮ. ಬೆಕ್ಕು ಹಿಡ್ಕೊಂಬಿಡ್ತು."

ನರಸಮ್ಮ ಒಂದು ಮೊಳ ಕನಕಾಂಬರ ಹಾಕಿ ಕಣ್ಣೊರೆಸಿಕೊಂಡಳು. ಬಸ್ಸಿಗೆ ನಿಂತಿದ್ದವರು ಬಂದರು. ಮೆಟ್ರೋ ಇಳಿದವರು ಬಂದರು. ಹೂ ಹಾಕಲು ಸಾಲು ಬೆಳೆಯಿತು. ಯಾರೋ ತಟ್ಟೆಯಲ್ಲಿ ಸೀಬೆಹಣ್ಣು ತಂದಿಟ್ಟರು. ಮುರಳಿ ಗುಂಪಿನ ಮಧ್ಯೆ ನುಗ್ಗಿ, "ಹೋಗಿರೋದು ಗಿಣಿ ಅಲ್ಲ, ಅದನ್ನ ಬರೆದೋರು!" ಎಂದು ಕೂಗಿದ.

"ಪಾಪ, ಬಿಡ್ರೀ," ಎಂದಳು ನರಸಮ್ಮ. "ತುಂಬಾ ಹಚ್ಕೊಂಡಿದ್ದ ಅನ್ಸುತ್ತೆ."

ಮುರಳಿ ಅಂಗಡಿಯ ಮೆಟ್ಟಿಲ ಮೇಲೆ ಕುಸಿದ. ಒಬ್ಬ ಒಳ್ಳೆಯ ಮನುಷ್ಯನಿಗೆ ಒಂದು ವಿದಾಯವನ್ನೂ ನೆಟ್ಟಗೆ ಹೇಳಲಾಗದ ಬಾಳು ಯಾಕೆ ಎನ್ನಿಸಿತು. ಅಷ್ಟರಲ್ಲಿ ಬಟ್ಟೆಚೀಲ ಹಿಡಿದ ಮುದುಕರೊಬ್ಬರು ಪಕ್ಕಕ್ಕೆ ಬಂದು ನಿಂತರು.

"ಅದನ್ನ ಬರೆದಿದ್ದು ನೀವಾ? ರೆಕ್ಕೆ ತಪ್ಪಾಗಿದೆ. ನಾಲ್ಕು ಗರಿ ಇರ್ಬೇಕು. ಐದು ಹಾಕಿದೀರ."

ಬೆಳಗ್ಗಿನಿಂದ ಹಿಡಿದಿಟ್ಟ ಸಿಟ್ಟೆಲ್ಲ ಮುರಳಿಗೆ ನೆತ್ತಿಗೇರಿತು. "ಚಿಕ್ಕವನಿಂದ ನೋಡಿದೀನಿ ಯಜಮಾನ್ರೇ. ಐದೇ!"

"ನಾಲ್ಕೇ ಕಣಪ್ಪ. ಅವನು ಒಂದ್ಸಲ ರೆಕ್ಕೆ ಎತ್ಬೇಕು ಅಂದ್ರೆ ಹನ್ನೆರಡು ಚಿತ್ರ ಬರೀಬೇಕಿತ್ತು. ಐದನೇ ಗರಿ ಹಾಕ್ತಾ ಕೂತಿದ್ರೆ ಭಾನುವಾರಕ್ಕೆ ಮುಗೀತಾನೇ ಇರ್ಲಿಲ್ಲ. ಅದಕ್ಕೇ ನಾನೇ ಒಂದು ಉಳಿಸ್ದೆ."

ಮುರಳಿ ಮೆಟ್ಟಿಲಿನಿಂದ ಎದ್ದು ನಿಂತ. "ನೀವು... ರೇವಣಸಿದ್ದಯ್ಯನೋರಾ? ನೀವು ತೀರ್ಕೊಂಡ್ರಿ ಅಂತ ಗ್ರೂಪಲ್ಲಿ ಬಂದಿತ್ತಲ್ಲ ಸಾರ್!"

"ಹೌದಾ? ನಂಗೆ ಯಾರೂ ಹೇಳ್ಲಿಲ್ಲ. ಇಲ್ಲೇ ಲಗ್ಗೆರೇಲಿದೀನಿ. ತರಕಾರಿಗೆ ಬಂದಿದ್ದೆ."

ಮುರಳಿ ನಡು ರಸ್ತೆಯೆಂದೂ ನೋಡದೆ ಅವರ ಕಾಲಿಗೆ ಬಿದ್ದ. "ಸಾರ್, ಅದು ಗಿಣಿಗಲ್ಲ. ನಿಮಗೋಸ್ಕರ ಹಾಕಿದ್ದು!"

ಮುದುಕರ ಮುಖ ಅರಳಿತು. "ನನಗಾ? ಎಲ್ಲಿ?" ಎಂದು ಕನ್ನಡಕ ಏರಿಸಿ ಮೊದಲ ಸಾಲಿನಿಂದ ಹುಡುಕತೊಡಗಿದರು. ಬೆಟ್ಟಯ್ಯ, ಉಪಾಧ್ಯಕ್ಷ, ಬೇಕರಿಯವನು, ಭಾಮೈದನವರೆಗೂ ಬೆರಳಿಟ್ಟು ನೋಡಿ, ಮತ್ತೆ ಮೊದಲಿನಿಂದ ಶುರು ಮಾಡಿದರು. ಮುರಳಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

"ಯಾರನ್ನ ಹುಡುಕ್ತಿದೀರ ಯಜಮಾನ್ರೇ?" ಬೆಟ್ಟಯ್ಯ ಬಂದ.

"ನನ್ನನ್ನ."

"ಲೇಟಾಯ್ತಲ್ಲ. ಇಪ್ಪತ್ತೆರಡಕ್ಕೇ ಭರ್ತಿ."

"ಆ ಗಿಣಿ ನಂಗೂ ಗೊತ್ತಿತ್ತಪ್ಪ."

"ಎಲ್ರಿಗೂ ಗೊತ್ತಿತ್ತು ಯಜಮಾನ್ರೇ. ಅದಕ್ಕೇ ಇಷ್ಟು ರಶ್ಶು."

"ಅಣ್ಣ, ಇಳಿಸ್ಬಿಡೋಣ, ಬೇರೆ ಮಾಡ್ತೀನಿ," ಎಂದು ಮುರಳಿ ಅಂಗಲಾಚಿದ. ಇಪ್ಪತ್ತೆರಡು ಜನರ ಮುಖವಿರುವ ಬ್ಯಾನರನ್ನು ಹದಿಮೂರು ದಿನ ಮುಗಿಯುವವರೆಗೆ ಮುಟ್ಟಿದರೆ ನೋಡು ಎಂದ ಬೆಟ್ಟಯ್ಯ.

ಮುದುಕರು ಹಾರ ಹಾಕಿಸಿಕೊಂಡ ಪಚ್ಚಯ್ಯನನ್ನೇ ನೋಡಿದರು. "ಹೇಗೆ ಹೋದನಂತೆ?" ಎಂದು ಮೆಲ್ಲಗೆ ಕೇಳಿದರು.

"ಬೆಕ್ಕು ಹಿಡೀತು," ಎಂದ ಬೆಟ್ಟಯ್ಯ.

"ಅಷ್ಟು ವರ್ಷ ಬರೆದೆ ಕಣಪ್ಪ," ಎಂದರು ಮುರಳಿಗೆ, ಕಣ್ಣಲ್ಲಿ ನೀರು ತಂದುಕೊಂಡು. "ಒಂದ್ಸಲನೂ ಅವನ ಹತ್ರ ಬೆಕ್ಕು ಸುಳಿಯೋಕೆ ಬಿಟ್ಟಿರ್ಲಿಲ್ಲ."

ಆಮೇಲೆ ನರಸಮ್ಮನ ಹತ್ತಿರ ಒಂದು ಮೊಳ ಹೂ ತೆಗೆದುಕೊಂಡು, ಸಾಲಿನ ಕೊನೆಗೆ ಬಂದು ಸೇರಿದ್ದ ಬೆಟ್ಟಯ್ಯನ ಭಾಮೈದನ ಹಿಂದೆ ನಿಂತರು.