ಏಳು ದಿನದ ರೆಸ್ಟು

ಹೆಬ್ಬಾಳದ ನಮ್ಮ ಆಫೀಸಿನಲ್ಲಿ ಯಾರಾದರೂ ‘ಹೇಗಿದ್ದೀರಾ’ ಎಂದರೆ, ಯಾಕೆ ಕೇಳಿದರು ಎಂದು ಎರಡು ದಿನ ಯೋಚಿಸುತ್ತೇವೆ. ಮುಂದೆ ಹೇಳುವಂಥ ಪ್ರಸಂಗಗಳು ವಾರಕ್ಕೊಂದಾದರೂ ನಡೆಯುತ್ತಲೇ ಇರುವುದರಿಂದ ನನಗಂತೂ ಅನುಮಾನ ಮೈಗೆ ಹತ್ತಿಬಿಟ್ಟಿದೆ.

ಹೆಸರು ಬೇಡ

‘ಕೆಲಸದ ಒತ್ತಡ ಎಷ್ಟಿದೆ? ಮನಸ್ಸು ಬಿಚ್ಚಿ ಹೇಳಿ. ಹೆಸರು ಬೇಡ, ನೀವು ಯಾರೆಂದು ಯಾರಿಗೂ ಗೊತ್ತಾಗುವುದಿಲ್ಲ’ ಎಂದು ಕಂಪನಿಯಿಂದ ಒಂದು ಫಾರ್ಮ್ ಬಂತು. ಸುಮ್ಮನೆ ಹುತ್ತಕ್ಕೆ ಯಾಕೆ ಕೈ ಹಾಕಬೇಕೆಂದು ನಾನು ತುಂಬಲಿಲ್ಲ. ಮೂರನೇ ದಿನ ಮ್ಯಾನೇಜರ್ ನನ್ನ ಟೇಬಲ್ ಹತ್ತಿರ ಬಂದರು.

“ಏನ್ ಮೇಡಂ, ಎಲ್ರೂ ತುಂಬಿದ್ದಾರೆ, ನಿಮ್ದೊಂದೇ ಬಂದಿಲ್ವಲ್ಲ?”

ಕೂಡಲೇ ತುಂಬಿದೆ. ಒತ್ತಡ ಎಂದರೇನೆಂದೇ ನನಗೆ ಗೊತ್ತಿಲ್ಲ ಎಂದು ಬರೆದೆ.

ಓನರಮ್ಮನ ವಿಚಾರಣೆ

ಅದಾಗಿ ತಿಂಗಳಿಗೆ ನನ್ನ ಕೈ ನಡುಗತೊಡಗಿತು, ನಿದ್ದೆ ಅರ್ಧವಾಯಿತು. “ಏಳು ದಿನ ರೆಸ್ಟ್ ಮಾಡಿ, ಇಲ್ಲಾಂದ್ರೆ ಆಸ್ಪತ್ರೇಲೇ ಮಲಗಿಸ್ತೀನಿ” ಎಂದರು ಯಲಹಂಕದ ಡಾಕ್ಟರು. ನಿಜಕ್ಕೂ ಹೆದರಿದೆ. ಅವರ ಚೀಟಿ ಕಳಿಸಿದ ಐದೇ ನಿಮಿಷಕ್ಕೆ ರಜೆ ಮಂಜೂರಾಯಿತು. ಇಷ್ಟು ಬೇಗ? ಕೆಲಸದಿಂದಲೇ ತೆಗೆಯುತ್ತಾರೇನೋ ಎಂದು ಉಳಿದರ್ಧ ನಿದ್ದೆಯೂ ಹೋಯಿತು.

ಮೊದಲ ದಿನವೇ ಮನೆ ಓನರಮ್ಮ ಬಾಗಿಲಿಗೆ ಬಂದರು. ಅಲ್ಲಾಳಸಂದ್ರದ ಹಳಬರು, ರಾಗಿ ಬೆಳೆದ ಹೊಲದಲ್ಲೇ ನಾಲ್ಕು ಮಹಡಿ ಕಟ್ಟಿಸಿದವರು.

“ಯಾಕವ್ವಾ ಮನೇಲಿದ್ದೀಯ? ಕೆಲ್ಸ ಓಯ್ತಾ?”

“ಇಲ್ಲಮ್ಮ, ರೆಸ್ಟ್ ತಗೊಳ್ಳಿ ಅಂತ ಆಫೀಸಿನವರೇ ರಜೆ ಕೊಟ್ಟಿದ್ದಾರೆ.”

ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಉಷಾರು ಕಣವ್ವಾ. ಸಂತೇಲಿ ಮಾರೋ ಮುಂಚೆ ಎತ್ತಿಗೆ ನಾವೂ ಇಂಗೇ ಒಂದ್ ವಾರ ಕೆಲ್ಸ ಕೊಡ್ತಿರ್ಲಿಲ್ಲ.”

ಕೆರೆ ಏರಿಯ ಮೇಲೆ

ಮೂರನೇ ದಿನ ಮನೆಯಲ್ಲಿ ಕೂರಲಾಗದೆ ಬೆಳಿಗ್ಗೆ ಹನ್ನೊಂದಕ್ಕೆ ಪುಟ್ಟೇನಹಳ್ಳಿ ಕೆರೆಗೆ ಹೋದೆ. ಟೋಪಿ ಹಾಕಿಕೊಂಡು ಬೆಂಚಿನ ಮೇಲೆ ಕಡಲೆಕಾಯಿ ಬಿಡಿಸುತ್ತಿದ್ದವರು ನಮ್ಮ ಮ್ಯಾನೇಜರ್! ನನ್ನನ್ನು ಹಿಡಿಯಲೆಂದೇ ಬಂದಿದ್ದಾರೆ. ಮರದ ಹಿಂದೆ ಸರಿಯುವಷ್ಟರಲ್ಲಿ ಅವರೇ ಗಾಬರಿಯಿಂದ ಎದ್ದು ನಿಂತರು.

“ಮೇಡಂ, ನನ್ ಮೇಲೆ ಕಣ್ಣಿಡೋಕೆ ನಿಮ್ಮನ್ನ ಕಳ್ಸಿದ್ದಾರಾ?”

“ಅಯ್ಯೋ, ನಾನೂ ಹಾಗೇ ಅಂದ್ಕೊಂಡೆ ಸಾರ್! ನೀವೇನ್ ಇಲ್ಲಿ?”

ಅವರು ಕಡಲೆಕಾಯಿ ಪೊಟ್ಟಣವನ್ನು ಬೆನ್ನ ಹಿಂದೆ ಬಚ್ಚಿಟ್ಟರು. ಪಾಪ ಎನಿಸಿತು.

“ನಂಗೂ ಡಾಕ್ಟರು ರೆಸ್ಟ್ ಹೇಳಿದ್ದಾರೆ. ಮೇಲಿನೋರು ರಜೆ ಕೊಡ್ಲಿಲ್ಲ.”

“ಮತ್ತೆ ಏನ್ ಹೇಳಿ ಬಂದ್ರಿ?”

ಅವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು.

“ನಿಮಗೆ ನಿಜವಾಗ್ಲೂ ಹುಷಾರಿಲ್ವಾ ಅಂತ ದಿನಾ ಹೋಗಿ ಚೆಕ್ ಮಾಡ್ತೀನಿ ಅಂದೆ. ತಕ್ಷಣ ಒಪ್ಪಿದ್ರು. ಕೈ ಮುಗೀತೀನಿ ಮೇಡಂ, ಇನ್ನೆರಡು ವಾರ ಹುಷಾರಾಗ್ಬೇಡಿ!”